ಕಪ್ಪು ಗಾಜಿನ ಲಾಯರು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಊರಿಗೆ ಬರುವುದು ಸ್ವಂತ ಕಾರಿನಲ್ಲಿ. ಇದು ನನಗೆ ಸಂತೋಷದ ಸಂಗತಿಯೇ. ಸರ್ಕಾರಿ ಶಾಲೆಯ ನೆಲದ ಮೇಲೆ ಕುಳಿತು ಮಗ್ಗಿ ಹೇಳಿದ ಮಕ್ಕಳು ಸ್ಟಿಯರಿಂಗ್ ಹಿಡಿದು ಬಂದರೆ ಯಾವ ಮೇಷ್ಟರಿಗೆ ತಾನೇ ಹಿಗ್ಗಾಗದು? ಆದರೆ ಈ ಕಾರುಗಳ ಕಿಟಕಿಗಳು ವರ್ಷದಿಂದ ವರ್ಷಕ್ಕೆ ಕಪ್ಪಾಗುತ್ತಿರುವುದನ್ನು ಜಗಲಿಯ ಮೇಲೆ ಕುಳಿತು ಗಮನಿಸುತ್ತ ಬಂದಿದ್ದೇನೆ. ಬಂದವರು ಯಾರೆಂದು ತಿಳಿಯಲು ಬಾಗಿಲು ತೆರೆಯುವವರೆಗೂ ಕಾಯಬೇಕು. ಆ ಬಗ್ಗೆ ಬರೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಇದರಲ್ಲಿ ನನ್ನ ಒಬ್ಬ ಶಿಷ್ಯನ ಕಥೆಯೂ ಇದೆ. ಅವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬೇಡವೆಂದಿದ್ದಾನೆ.

ಸತ್ತೇಗಾಲವನ್ನು ಬಲ್ಲವರಿಗೆ ಹ್ಯಾಂಡ್‌ಪೋಸ್ಟ್ ಗೊತ್ತೇ ಇದೆ. ಮಳವಳ್ಳಿಯಿಂದ ಕೊಳ್ಳೇಗಾಲಕ್ಕೆ ಹೋಗುವ ಹೆದ್ದಾರಿಯಲ್ಲಿ ನಮ್ಮೂರಿಗೆ ತಿರುಗುವ ಜಾಗ ಅದು. ಹಿಂದೆ ಈ ಹೆದ್ದಾರಿಗೆ 209 ಎಂಬ ಸಂಖ್ಯೆ ಇತ್ತು, ಈಗ 948. ಬಸ್ಸಿಳಿದವರು ಊರೊಳಗೆ ಬರಲು ಅಲ್ಲಿ ನಿಂತು, ಬಂದ ವಾಹನಕ್ಕೆ ಕೈ ಅಡ್ಡ ಹಿಡಿಯುವುದು ಹಿಂದಿನಿಂದಲೂ ನಡೆದುಬಂದ ವಾಡಿಕೆ. ಎತ್ತಿನ ಗಾಡಿಗೆ ಹಿಡಿದರು, ಟ್ರ್ಯಾಕ್ಟರಿಗೆ ಹಿಡಿದರು, ಸ್ಕೂಟರಿಗೆ ಹಿಡಿದರು, ಈಗ ಕಾರಿಗೂ ಹಿಡಿಯುತ್ತಾರೆ. ಆದರೆ ಕೈ ಎತ್ತುವ ಮೊದಲು ಮುಖ ನೋಡುತ್ತಾರೆ. ಒಳಗಿರುವವನು ಪರಿಚಿತನೇ, ಹೆಂಗಸರು ಮಕ್ಕಳು ಇದ್ದಾರೆಯೇ, ಸೀಟು ಖಾಲಿ ಇದೆಯೇ ಎಂಬುದೆಲ್ಲವನ್ನೂ ಅರೆಗಳಿಗೆಯಲ್ಲಿ ಅಳೆದು ಕೈ ಎತ್ತುವುದೋ ಇಳಿಸುವುದೋ ಎಂದು ತೀರ್ಮಾನಿಸುತ್ತಾರೆ. ಗಾಜು ಕಪ್ಪಾಗಿದ್ದರೆ ಈ ಲೆಕ್ಕಾಚಾರಕ್ಕೆ ಅವಕಾಶವೇ ಇಲ್ಲ. ಭಾನುವಾರಗಳಂದು ಭರಚುಕ್ಕಿ ನೋಡಲು ಬೆಂಗಳೂರಿನಿಂದ ಬರುವ ಅಂಥ ಕಾರುಗಳಿಗೆ ನಮ್ಮವರು ಯಾರೂ ಕೈ ತೋರುವುದಿಲ್ಲ. ಅವು ಬರುತ್ತವೆ, ಹೋಗುತ್ತವೆ, ಅಷ್ಟೆ.

ನಮ್ಮ ಸೀಮೆಯ ಹಿರಿಯರು ಮುಚ್ಚಿದ ಗಾಜನ್ನು ನೋಡುವ ಬಗೆಗೆ ಇನ್ನೊಂದು ಕಾರಣವೂ ಇದೆ. ಅದನ್ನು ಇಂದಿನ ಹುಡುಗರು ಅರಿಯರು. ವೀರಪ್ಪನ್ ಕಾಲದಲ್ಲಿ ಕೊಳ್ಳೇಗಾಲದಿಂದ ಹನೂರು, ಮಹದೇಶ್ವರ ಬೆಟ್ಟದ ಕಡೆಗೆ ಓಡಾಡಿದವರಿಗೆ ಚೆಕ್‌ಪೋಸ್ಟುಗಳ ನೆನಪು ಮಾಸಿರಲಾರದು. 1992ರ ಆಗಸ್ಟಿನಲ್ಲಿ ಎಸ್.ಪಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರು ಮೀಣ್ಯದ ಬಳಿ ಹತರಾದರು. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾಯಿತು. 2002ರ ಆಗಸ್ಟಿನಲ್ಲಿ ನಮಗೆ ತೀರ ಹತ್ತಿರದ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕರೆದೊಯ್ದರು. ಡಿಸೆಂಬರಿನಲ್ಲಿ ಅವರ ಶವ ಸಿಕ್ಕಿತು. 2004ರ ಅಕ್ಟೋಬರ್ 18ರವರೆಗೂ ಆ ಭಯ ನಮ್ಮ ನಡುವೆ ಇತ್ತು. ಆಗ ರಾತ್ರಿ ಹೊತ್ತು ವಾಹನ ನಿಲ್ಲಿಸಿ, ಗಾಜು ಇಳಿಸಿ, ಮುಖಕ್ಕೆ ಟಾರ್ಚ್ ಬಿಡುವುದು ಪದ್ಧತಿಯಾಗಿತ್ತು. ಗಾಜು ಇಳಿಸಲು ತಡಮಾಡಿದವನ ಮೇಲೆ ಅನುಮಾನ. ಹಿಂದಿನ ಸೀಟಿಗೆ ಪರದೆ ಬಿಟ್ಟ ಅಂಬಾಸಿಡರ್ ಬಂದರೆ ದೊಡ್ಡ ಅಧಿಕಾರಿ, ಅಲ್ಲದಿದ್ದರೆ ಮಂತ್ರಿ. ಹೀಗೆ, ಮುಖ ಮರೆಸಿಕೊಂಡು ಓಡಾಡುವವರು ಒಂದೋ ಅಧಿಕಾರಸ್ಥರು, ಇಲ್ಲವೇ ಹೆದರಬೇಕಾದವರು ಎಂಬ ಭಾವನೆ ನಮ್ಮ ಮುದುಕರ ಮನಸ್ಸಿನಲ್ಲಿ ಊರಿಬಿಟ್ಟಿದೆ.

ಈಗ ಶಿಷ್ಯನ ವಿಷಯ. ಕೂಲಿ ಮಾಡಿ ಬದುಕಿದವರ ಮಗ. ಮನೆತನದಲ್ಲಿ ಮೊದಲ ಪದವೀಧರ. ಕಾನೂನು ಓದಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲವು ವರ್ಷ ದುಡಿದು, ಕೊಳ್ಳೇಗಾಲದಲ್ಲಿ ಸ್ವಂತ ಕಛೇರಿ ತೆರೆದನು. ಚಿಕ್ಕ ಕೋಣೆ, ಎರಡು ಬೀರು ಪುಸ್ತಕ, ಗೋಡೆಯ ಮೇಲೆ ಅಂಬೇಡ್ಕರರ ಪಟ. ವರ್ಷದೊಳಗೆ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ಕೊಂಡನು. ಪೂಜೆ ಮಾಡಿಸಿದ ಮರುದಿನವೇ ಮೈಸೂರಿಗೆ ಹೋಗಿ ನಾಲ್ಕೂ ಬಾಗಿಲಿಗೆ ಕಡುಕಪ್ಪು ಫಿಲ್ಮ್ ಅಂಟಿಸಿಕೊಂಡು ಬಂದನು. ಪುಣ್ಯಕ್ಕೆ ಮುಂದಿನ ಗಾಜನ್ನು ಬಿಟ್ಟಿದ್ದ.

"ಯಾಕಪ್ಪಾ ಇದು?" ಎಂದು ಕೇಳಿದೆ.

"ಬಿಳಿ ಗಾಜಿದ್ರೆ ಈ ಕಾರನ್ನ ಬಾಡಿಗೆ ಕಾರು ಅಂದ್ಕೋತಾರೆ ಸಾರ್. ಕೋರ್ಟ್ ಹತ್ರ ಒಬ್ರು ಬಂದು, ಮೈಸೂರಿಗೆ ಎಷ್ಟು ತಗೋತೀಯ ಅಂತ ಕೇಳಿದ್ರು," ಎಂದನು.

ನನಗೆ ನಗು ಬಂತು, ಅವನಿಗೂ ಬಂತು. ಆದರೆ ಅವನ ಮಾತಿನಲ್ಲಿ ತಥ್ಯವಿತ್ತು. ವಕೀಲರು ಜಾಹೀರಾತು ಕೊಡುವಂತಿಲ್ಲ, ಕಕ್ಷಿದಾರರನ್ನು ಹುಡುಕಿಕೊಂಡು ಹೋಗುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮ ಹೇಳುತ್ತದೆ. ನಾಮಫಲಕ ಕೂಡ ಮಿತವಾದ ಅಳತೆಯಲ್ಲೇ ಇರಬೇಕು. ಬಟ್ಟೆ ಅಂಗಡಿಯವನಂತೆ ಮೈಕಿನಲ್ಲಿ ಕೂಗಿಸಲಾಗದ ಯುವಕನೊಬ್ಬ ತನ್ನ ಯೋಗ್ಯತೆಯನ್ನು ಜನರಿಗೆ ಕಾಣಿಸುವುದು ಹೇಗೆ? ಕೋಟಿನ ಇಸ್ತ್ರಿ, ಕೈಯಲ್ಲಿನ ಫೈಲು, ಬಂದಿಳಿಯುವ ಕಾರು, ಇವುಗಳಿಂದಲೇ. ಹಿರಿಯ ವಕೀಲರು ಹಳೆಯ ಸೈಕಲ್ಲಿನಲ್ಲಿ ಬಂದರೂ ಜನ ಎದ್ದು ನಿಲ್ಲುತ್ತಾರೆ. ಹೊಸಬರಿಗೆ ಆ ಭಾಗ್ಯವಿಲ್ಲ.

ಆದರೆ ಪರಿಣಾಮ ಅವನು ಎಣಿಸಿದಂತೆ ಆಗಲಿಲ್ಲ. ಮೂರು ತಿಂಗಳೊಳಗೆ ಅವನಿಗೆ "ಕಪ್ಪು ಗಾಜಿನ ಲಾಯರು" ಎಂದು ಹೆಸರು ಬಿದ್ದಿತು. ನಮ್ಮ ಬೀದಿಯ ಅಜ್ಜಿಯೊಬ್ಬಳಿಗೆ ಜಮೀನಿನ ಪಾಲಿನ ತಕರಾರಿತ್ತು. ಇವನನ್ನು ಕಾಣು ಎಂದು ನಾನೇ ಹೇಳಿದ್ದೆ. ಅವಳು ಇನ್ನೊಬ್ಬ ವಕೀಲರ ಬಳಿಗೆ ಹೋದಳು. ಏಕೆಂದು ಕೇಳಿದರೆ, "ಅಂಥಾ ಕಾರಿಟ್ಟೋರು ಫೀಜು ಎಷ್ಟು ಕೇಳ್ತಾರೋ ಏನೋ ಮೇಷ್ಟ್ರೇ, ನಾನು ಬಡವಿ," ಎಂದಳು. ಕಾರಿನ ಬೆಲೆ ಅವಳ ಎರಡು ಹಸುಗಳ ಬೆಲೆಗಿಂತ ಬಹಳ ಹೆಚ್ಚೇನೂ ಅಲ್ಲ ಎಂಬುದು ಅವಳಿಗೆ ತಿಳಿಯದು. ಇನ್ನು ಕೆಲವರು ಹ್ಯಾಂಡ್‌ಪೋಸ್ಟಿನಲ್ಲಿ ನಿಂತಿದ್ದಾಗ ಅವನು ಕಂಡೂ ಕಾಣದಂತೆ ಹೋದನೆಂದು ದೂರಿದರು. ಆ ಹೊತ್ತು ಅವನು ಊರಲ್ಲೇ ಇರಲಿಲ್ಲ, ಕಾರನ್ನು ಅವನ ತಮ್ಮ ಓಡಿಸುತ್ತಿದ್ದ. ಒಳಗೆ ಯಾರಿದ್ದಾರೆಂದು ಕಾಣದಿದ್ದರೆ ಕಾರಿನ ತಪ್ಪೆಲ್ಲ ಮಾಲೀಕನ ತಲೆಗೇ ಸುತ್ತಿಕೊಳ್ಳುತ್ತದೆ. ಬೆಂಗಳೂರಿಗೆ ಹೋದಾಗ ಸಂಚಾರಿ ಪೊಲೀಸರು ತಡೆದು ದಂಡ ಹಾಕಿದರು. ಕಪ್ಪು ಕೋಟು ಧರಿಸಿದ್ದವನನ್ನು ನೋಡಿ, "ಸಾರ್, ನೀವೇ ಹೀಗಾದ್ರೆ ಹೇಗೆ?" ಎಂದರಂತೆ. ದಂಡಕ್ಕಿಂತ ಆ ಮಾತೇ ಅವನನ್ನು ಹೆಚ್ಚು ಚುಚ್ಚಿತು.

ಇಲ್ಲಿ ಕಾನೂನಿನ ಸಂಗತಿಯನ್ನು ಸ್ವಲ್ಪ ವಿಸ್ತರಿಸುತ್ತೇನೆ. ವಿಜ್ಞಾನದ ಮೇಷ್ಟರ ಚಾಳಿ, ಸಹಿಸಿಕೊಳ್ಳಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಪಕ್ಕದ ಗಾಜುಗಳು ಕನಿಷ್ಠ ಶೇ. 50ರಷ್ಟು ಕಾಣುವ ಬೆಳಕನ್ನು ಒಳಬಿಡಬೇಕು. ಅವಿಷೇಕ್ ಗೋಯೆಂಕಾ ಎಂಬುವರು ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2012ರ ಏಪ್ರಿಲ್ 27ರಂದು ತೀರ್ಪಿತ್ತು, ಕಾರ್ಖಾನೆಯಿಂದ ಬಂದ ಗಾಜಿನ ಮೇಲೆ ಯಾವುದೇ ಫಿಲ್ಮ್ ಅಂಟಿಸಕೂಡದೆಂದು ಆದೇಶಿಸಿತು. ಆ ವರ್ಷದ ಮೇ 4ರಿಂದ ಅದು ಜಾರಿಗೆ ಬಂದಿತು. ಬಳಿಕ ನಿಯಮಕ್ಕೆ ತಿದ್ದುಪಡಿಯಾಗಿ, 2021ರ ಏಪ್ರಿಲ್ 1ರಿಂದ 'ಸೇಫ್ಟಿ ಗ್ಲೇಜಿಂಗ್' ಎಂಬುದಕ್ಕೆ ಎಡೆ ದೊರಕಿತು. ಅದನ್ನು ಆಧರಿಸಿ ಕೇರಳ ಹೈಕೋರ್ಟು 2024ರ ಸೆಪ್ಟೆಂಬರಿನಲ್ಲಿ, ಮೇಲೆ ಹೇಳಿದ 70 ಮತ್ತು 50ರ ಮಿತಿಯೊಳಗಿರುವ ಫಿಲ್ಮಿಗೆ ದಂಡ ವಿಧಿಸುವಂತಿಲ್ಲ ಎಂದಿತು. ಆದರೆ ನಮ್ಮ ಹುಡುಗರು ಅಂಟಿಸುವ ಕಡುಕಪ್ಪು ಫಿಲ್ಮು ಯಾವ ತೀರ್ಪಿನ ನೆರಳಲ್ಲಿಯೂ ಉಳಿಯದು.

ಲೆಕ್ಕ ಹಾಕಿ ನೋಡಿ. ಕಾರ್ಖಾನೆಯ ಗಾಜು ಶೇ. 75ರಷ್ಟು ಬೆಳಕು ಬಿಡುತ್ತದೆ ಎಂದುಕೊಳ್ಳಿ. ಅದರ ಮೇಲೆ ಶೇ. 50ರ ಫಿಲ್ಮ್ ಹಾಕಿದರೆ ಒಳಬರುವುದು ಐವತ್ತಲ್ಲ, ಮೂವತ್ತೇಳೂವರೆ. ಅಂಗಡಿಯವನು ಪೊಟ್ಟಣದ ಮೇಲಿನ ಸಂಖ್ಯೆಯನ್ನು ತೋರಿಸಿ "ಇದು ಲೀಗಲ್ ಸಾರ್" ಎನ್ನುತ್ತಾನೆ. ಏಳನೆಯ ತರಗತಿಯ ಗುಣಾಕಾರ ಮರೆತವನು ನಂಬುತ್ತಾನೆ. ನಮ್ಮ ಜನ ಇದನ್ನು 'ಕೂಲಿಂಗ್ ಪೇಪರ್' ಎನ್ನುವುದೂ ದಾರಿ ತಪ್ಪಿಸುವ ಮಾತೇ. ಬಿಸಿಲಿನ ಶಕ್ತಿಯಲ್ಲಿ ಸರಿಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಲ್ಲಿದೆ. ಕಪ್ಪು ಬಣ್ಣ ಕಾಣುವ ಬೆಳಕನ್ನು ತಡೆಯುತ್ತದೆ. ಅವಗೆಂಪನ್ನು ಎಷ್ಟು ತಡೆಯುತ್ತದೆ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಬಹುಮಟ್ಟಿಗೆ ಪಾರದರ್ಶಕವಾಗಿಯೇ ಇದ್ದು ತಾಪವನ್ನು ತಡೆಯುವ ಫಿಲ್ಮುಗಳಿವೆ. ಹೀಗಿರುವಾಗ ಕಪ್ಪೇ ಬೇಕೆನ್ನುವವನಿಗೆ ಬೇಕಾಗಿರುವುದು ತಂಪಲ್ಲ. ಇನ್ನು ರಾತ್ರಿಯ ಹೊತ್ತು ಪಕ್ಕದಿಂದ ದನವೋ ಸೈಕಲ್ಲೋ ಬಂದರೆ ಕಾಣದಿರುವ ಅಪಾಯ ಬೇರೆ. ಕಬ್ಬಿನ ಗಾಡಿಗಳ ಕಾಲದಲ್ಲಿ ನಮ್ಮ ರಸ್ತೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ವಿಷಯ ಸರಳವಲ್ಲ. ಮೈಸೂರಿನ ಆಸ್ಪತ್ರೆಯೊಂದರಲ್ಲಿ ವೈದ್ಯೆಯಾಗಿರುವ ನನ್ನ ತಂಗಿಯ ಮಗಳು ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಕಾರು ಓಡಿಸಿಕೊಂಡು ಹೋಗುತ್ತಾಳೆ. ಕಪ್ಪು ಗಾಜಿನ ಮರೆಯಲ್ಲಿ ಅಪರಾಧಗಳು ನಡೆಯುತ್ತವೆ, ಆದ್ದರಿಂದ ಗಾಜು ತಿಳಿಯಾಗಿರಬೇಕು ಎಂಬ ವಾದವನ್ನು ನಾನು ಅವಳ ಮುಂದಿಟ್ಟೆ. "ಅದು ಬೇರೆಯವರ ಕಾರಲ್ಲಿ ಕೂತೋರ ಮಾತು ಮಾವ. ನನ್ನ ಕಾರಲ್ಲಿ ನಾನು ಒಬ್ಬಳೇ ಇದೀನಿ ಅಂತ ಸಿಗ್ನಲ್‌ನಲ್ಲಿ ನಿಂತಿರೋ ಬೈಕಿನವರಿಗೆಲ್ಲ ಯಾಕೆ ಗೊತ್ತಾಗ್ಬೇಕು?" ಎಂದಳು. ಅವಳು ಫಿಲ್ಮ್ ಹಾಕಿಸಿಲ್ಲ, ಕಾನೂನಿಗೆ ತಲೆಬಾಗಿದ್ದಾಳೆ. ಆದರೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಪ್ಪು ಗಾಜಿನವರೆಲ್ಲರೂ ಗತ್ತಿನವರು ಎನ್ನುವವರು ಇದನ್ನೂ ಒಮ್ಮೆ ಯೋಚಿಸಬೇಕು.

ಶಿಷ್ಯನೂ ಒಂದು ಸಂಜೆ ನಿಜವಾದ ಕಾರಣವನ್ನು ಹೇಳಿದನು. ಬಾಡಿಗೆ ಕಾರಿನ ಕಥೆ ಹಾಸ್ಯಕ್ಕೆ. ಊರಿನ ನಡುಬೀದಿಯಲ್ಲಿ ಕಾರು ನಿಧಾನವಾಗುತ್ತದಲ್ಲ, ಅರಳೀಕಟ್ಟೆಯ ಬಳಿ, ಅಲ್ಲಿ ಕುಳಿತ ಕೆಲವು ಹಿರಿಯರು ಅವನನ್ನು ಕಂಡೊಡನೆ ಅವನ ತಂದೆಯನ್ನು ಕರೆಯುತ್ತಿದ್ದ ದನಿಯಲ್ಲಿಯೇ "ಏನ್ಲಾ" ಎನ್ನುತ್ತಿದ್ದರು. ಅವನ ಓರಗೆಯ ಮೇಲುಬೀದಿಯ ಹುಡುಗ, ಎರಡು ಸಲ ನಪಾಸಾದವನು, ಅದೇ ದಾರಿಯಲ್ಲಿ ಬಂದರೆ "ಬಾಪ್ಪ" ಎನ್ನುತ್ತಿದ್ದರು. "ಗಾಜು ಕಪ್ಪಾದ ಮೇಲೆ ಯಾರೂ ಏನ್ಲಾ ಅನ್ನಲಿಲ್ಲ ಸಾರ್. ಒಳಗೆ ಯಾರಿದ್ದಾರೋ ಅಂತ ಒಂದು ಗಳಿಗೆ ಸುಮ್ಮನಾಗ್ತಿದ್ರು. ಆ ಒಂದು ಗಳಿಗೆ ನನಗೆ ಬೇಕಾಗಿತ್ತು," ಎಂದನು. ಯಾವ ಬೀದಿಯವನು ಎಂದು ಮೊದಲು ಕೇಳಿ, ಏನು ಓದಿದ್ದಾನೆ ಎಂದು ಆಮೇಲೆ ಕೇಳುವ ನಮ್ಮೂರಿನ ರೀತಿಯನ್ನು ನಾನು ಜೀವಮಾನವೆಲ್ಲ ಕಂಡವನು. ಹಾಜರಿ ಕರೆಯುವಾಗ ಎಲ್ಲರನ್ನೂ ಒಂದೇ ದನಿಯಲ್ಲಿ ಕರೆದೆವು. ಶಾಲೆಯ ಗೇಟು ದಾಟಿದ ಮೇಲೆ ಬೀದಿಯ ದನಿಯೇ ಬೇರೆ.

ಫಿಲ್ಮನ್ನು ಅವನು ಕಿತ್ತಿಸಿಹಾಕಿದ್ದಾನೆ. ನಾನು ಹೇಳಿದ್ದಕ್ಕಲ್ಲ. ವಕೀಲನಾದವನು ನಿಯಮ ಮುರಿದು ಓಡಾಡುವುದು ತನಗೇ ಸರಿಕಾಣಲಿಲ್ಲವಂತೆ. ಅಂಟು ಪೂರ್ತಿ ಬಿಡದೆ ಗಾಜಿನ ಮೇಲೆ ಬಹಳ ದಿನ ಬೂದಿ ಬಳಿದಂತೆ ಕಲೆಗಳಿದ್ದವು. ಈಗ ಹ್ಯಾಂಡ್‌ಪೋಸ್ಟಿನಲ್ಲಿ ಅವನ ಕಾರಿಗೆ ಧಾರಾಳವಾಗಿ ಕೈಗಳು ಏಳುತ್ತವೆ. ಹತ್ತಿದವರು ದಾರಿಯುದ್ದಕ್ಕೂ ಪಹಣಿ, ಪಾಲು, ಪೋಡಿ ಎಂದು ಸಲಹೆ ಕೇಳುತ್ತಾರೆ, ಇಳಿಯುವಾಗ ಫೀಸಿನ ಮಾತೆತ್ತುವುದಿಲ್ಲ. ಇದು ಕಪ್ಪು ಗಾಜಿಗಿಂತ ದುಬಾರಿ ಎಂದು ಅವನ ಹೆಂಡತಿ ಗೊಣಗುತ್ತಾಳೆ. ಆ ಅಜ್ಜಿ ಮಾತ್ರ ಮೊದಲಿನ ವಕೀಲರಲ್ಲೇ ಉಳಿದಿದ್ದಾಳೆ.

ಕಳೆದ ಶಿವರಾತ್ರಿಯ ಸುಮಾರಿಗೆ ಅರಳೀಕಟ್ಟೆಯ ಬಳಿ ಕಾರು ನಿಧಾನವಾದಾಗ ಒಬ್ಬ ಹಿರಿಯರು ಮತ್ತೆ "ಏನ್ಲಾ, ಕಾರು ಜೋರಾ?" ಎಂದರಂತೆ. ಇವನು ಎಂಜಿನ್ ನಿಲ್ಲಿಸಿ, ಕೆಳಗಿಳಿದು, ನಮಸ್ಕಾರ ಮಾಡಿ, ಜೇಬಿನಿಂದ ತನ್ನ ವಿಸಿಟಿಂಗ್ ಕಾರ್ಡನ್ನು ತೆಗೆದು ಅವರ ಕೈಗಿತ್ತನಂತೆ. (ಇದು ಜಾಹೀರಾತಲ್ಲವೆಂದು ವಕೀಲರ ಪರಿಷತ್ತಿನ ಮುಂದೆ ನಾನೇ ವಾದಿಸಬಲ್ಲೆ.) ಅವರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕನ್ನಡಕ ತಂದಿಲ್ಲ, ಏನು ಬರ್ದದೆ ಓದು," ಎಂದರು. ಅವನು ತನ್ನ ಹೆಸರನ್ನೂ ಅದರ ಮುಂದಿನ ಬಿ.ಎ., ಎಲ್‌ಎಲ್.ಬಿ. ಎಂಬುದನ್ನೂ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳಿಸುವಂತೆ ಓದಿದನು. ಹಿರಿಯರು ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡರು.