ಚಪ್ಪಲಿ ಕಟ್ಟಿದ ಮರ

ಕಿತ್ತಳೆಯನ್ನು ಗುಟ್ಟಾಗಿ ತಿನ್ನುವುದು ಸಾಧ್ಯವಿಲ್ಲ. ಸೀಬೆಯನ್ನಾದರೂ ಕದ್ದು ತಿನ್ನಬಹುದು. ಕಿತ್ತಳೆಗೆ ಉಗುರು ತಾಗಿಸಿದರೆ ಸಾಕು, ಹಿತ್ತಲಿನಿಂದ ಜಗಲಿಯವರೆಗೆ ಸುದ್ದಿ ಮುಟ್ಟುತ್ತದೆ. ಸಿಪ್ಪೆಯ ಮೇಲೆ ಕಾಣುವ ಸಣ್ಣ ಚುಕ್ಕಿಗಳೆಲ್ಲ ಎಣ್ಣೆಯ ಚೀಲಗಳು. ಆ ಎಣ್ಣೆಯಲ್ಲಿ ಶೇ. 90ಕ್ಕೂ ಹೆಚ್ಚು ಲಿಮೊನೀನ್ ಎಂಬ ಒಂದೇ ವಸ್ತು. ದೀಪದ ಕುಡಿಯ ಬಳಿ ಸಿಪ್ಪೆ ಹಿಂಡಿ ಕಿಡಿ ಹಾರಿಸುತ್ತಿದ್ದ ಕಾಲದಲ್ಲಿ ನಮಗೆ ಈ ಹೆಸರು ಗೊತ್ತಿರಲಿಲ್ಲ. ಅದು ನಮ್ಮ ಪಾಲಿನ ಮಾಯಾವಿದ್ಯೆ.

ನಮ್ಮದು ಕೊಡಗಿನಲ್ಲಿ ಸಣ್ಣ ಕಾಫಿ ತೋಟ. ನಡುನಡುವೆ ಕಿತ್ತಳೆ, ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಅಮ್ಮನಿಗೆ ಹಣ್ಣಿಗಿಂತ ಸಿಪ್ಪೆಯ ಮೇಲೆಯೇ ಜೋಪಾನ. ಒಂದಿಷ್ಟು ಹುಣಸೆ, ಬೆಲ್ಲದ ಜೊತೆ ಗೊಜ್ಜಾಗುತ್ತದೆ. ಉಳಿದದ್ದು ಬಿಸಿಲಲ್ಲಿ ಒಣಗಿ, ಪುಡಿಯಾಗಿ, ಕಡಲೆಹಿಟ್ಟಿನೊಡನೆ ಬಚ್ಚಲಿಗೆ ಹೋಗುತ್ತದೆ. ಅರೋಮಾಥೆರಪಿಯ ಪುಟ್ಟ ಸೀಸೆಗಳಲ್ಲಿ ಮಾರುವುದೂ ಇಂಥದೇ ಸಿಪ್ಪೆಯ ಎಣ್ಣೆ. ಕಹಿ ಕಿತ್ತಳೆಯಂತೂ ಇನ್ನೂ ಉದಾರಿ: ಸಿಪ್ಪೆಯ ಎಣ್ಣೆಯಲ್ಲದೆ ಹೂವಿನಿಂದ ನೆರೋಲಿ, ಎಲೆ ಮತ್ತು ಎಳೆ ರೆಂಬೆಗಳಿಂದ ಪೆಟಿಗ್ರೇನ್, ಒಂದೇ ಮರದ ಮೂರು ಪರಿಮಳ.

ಮನೆಯ ಪಕ್ಕದ ಮರ ತಾತ ನೆಟ್ಟದ್ದು. ಹಣ್ಣು ಜಗ್ಗಿದ ವರ್ಷ ಅಪ್ಪ ಕೊಂಬೆಗೆ ಹಳೇ ಚಪ್ಪಲಿ ಕಟ್ಟುತ್ತಿದ್ದರು, ದೃಷ್ಟಿ ತಾಗದಿರಲೆಂದು. ಒಂದು ವರ್ಷ ಎಲೆಗಳಲ್ಲಿ ಹಳದಿ ಮಚ್ಚೆ ಕಾಣಿಸಿತು, ನಡುನರದ ಈಚೆಗೊಂದು ಬಗೆ, ಆಚೆಗೊಂದು ಬಗೆ. ಹಣ್ಣು ಸೊಟ್ಟಗಾಗಿ, ಅರ್ಧ ಹಸಿರಾಗಿಯೇ ಉದುರಿತು. ಅಪ್ಪ ಸತುವಿನ ದ್ರಾವಣ ಸಿಂಪಡಿಸಿದರು, ಗೊಬ್ಬರ ಹಾಕಿದರು, ಇನ್ನೊಂದು ಚಪ್ಪಲಿ ಕಟ್ಟಿದರು.

ಅದು ಗ್ರೀನಿಂಗ್ ರೋಗ. ಚಿಗುರಿನ ರಸ ಹೀರುವ ಸಿಲ್ಲಿಡ್ ಎಂಬ ಪುಟಾಣಿ ಕೀಟ ಇದರ ಬ್ಯಾಕ್ಟೀರಿಯಾವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ತಗುಲಿದ ಮರಕ್ಕೆ ಮದ್ದಿಲ್ಲ. ಉಳಿದವನ್ನು ಕಾಯಬೇಕಾದರೆ ಅದನ್ನು ಕಡಿಯಬೇಕು. ಇಪ್ಪತ್ತು ಹೆಜ್ಜೆ ದೂರದಲ್ಲಿ ಅಪ್ಪನೇ ನೆಟ್ಟ ಹತ್ತು ಸಸಿಗಳಿದ್ದವು.

"ನಿನ್ನ ತಾತ ನೆಟ್ಟಿದ್ದು ಮಗಾ," ಎಂದರು.

"ಅವು ನೀವು ನೆಟ್ಟಿದ್ದಲ್ವಾ ಅಪ್ಪಾ?" ಎಂದೆ.

ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಏಣಿ ಇಟ್ಟು, ಚಪ್ಪಲಿಗಳನ್ನು ತಾವೇ ಬಿಚ್ಚಿ, ಆಳನ್ನು ಕರೆಸಿದರು. ಮರ ಉರುಳಿದಾಗ ಕಾಲಡಿ ಜಜ್ಜಿದ ಎಲೆಗಳಿಂದ ಎದ್ದ ವಾಸನೆಯಲ್ಲಿ ರೋಗದ ಸುಳಿವೇ ಇರಲಿಲ್ಲ. ಅಪ್ಪ ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಆ ಕೀಟ ಕರಿಬೇವಿನಲ್ಲೂ ಬದುಕುತ್ತದೆ. ಕಿತ್ತಳೆ, ಬಿಲ್ವ, ಕರಿಬೇವು ಎಲ್ಲ ಒಂದೇ ಕುಟುಂಬ. ಆದರೆ ಬಚ್ಚಲ ಬಳಿಯ ಕರಿಬೇವನ್ನು ಅಮ್ಮ ಬಿಟ್ಟುಕೊಡಲಿಲ್ಲ. ಹೀಗಾಗಿ ಅದರದೂ ಸೇರಿ ಎಲ್ಲ ಚಿಗುರುಗಳನ್ನು ವಾರಕ್ಕೊಮ್ಮೆ ಭೂತಗನ್ನಡಿಯಲ್ಲಿ ನೋಡುವುದು ನನ್ನ ಪಾಲಿಗೆ ಬಂದಿದೆ. ಸಸಿಗಳು ಫಲ ಕೊಡಲು ಇನ್ನೂ ವರ್ಷಗಳು ಬೇಕು. ಮೊಣಕಾಲೆತ್ತರದ ಗಿಡಕ್ಕೆ ಚಪ್ಪಲಿ ಭಾರವೆಂದು, ಅಪ್ಪ ಪಕ್ಕದಲ್ಲೊಂದು ಗೂಟ ನೆಟ್ಟು ಅದಕ್ಕೆ ಕಟ್ಟಿದ್ದಾರೆ.