ಮೇಷ್ಟ್ರ ಕೆಂಪು ಕಾರು

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿ ಇರ್ವ್ ಗಾರ್ಡನ್ ಎಂಬ ವಿಜ್ಞಾನದ ಮೇಷ್ಟ್ರೊಬ್ಬರು 1966ರ ಜೂನ್ ಕೊನೆಯಲ್ಲಿ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರೊಂದನ್ನು ಕೊಂಡರು. ಬೆಲೆ 4,150 ಡಾಲರ್; ಅವರ ಹೆಚ್ಚುಕಡಿಮೆ ಒಂದು ವರ್ಷದ ಸಂಬಳ. ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ವಯಸ್ಸು. ಇಷ್ಟು ಹಣ ಸುರಿದು ಇಬ್ಬರು ಮಾತ್ರ ಆರಾಮವಾಗಿ ಕೂರಬಹುದಾದ ಕಾರು ತಂದ ಹುಡುಗನಿಗೆ ಮನೆಯ ಹಿರಿಯರು ಏನು ಹೇಳುತ್ತಾರೆ ಎಂಬುದನ್ನು ಯಾವ ದೇಶದವರೂ ಊಹಿಸಬಲ್ಲರು.

ಹುಡುಗಾಟಕ್ಕೆ ತಂದ ಕಾರೇನೋ ಎಂದು ಮೊದಲ ವಾರಾಂತ್ಯ ನೋಡಿದವರಿಗೆ ಅನ್ನಿಸಿದ್ದರೆ ತಪ್ಪಿಲ್ಲ. ಆ ಎರಡು ಮೂರು ದಿನಗಳಲ್ಲೇ ಅದು 1,500 ಮೈಲಿ, ಅಂದರೆ 2,400 ಕಿಲೋಮೀಟರ್ ಓಡಿತು. ಮೊದಲ ಸರ್ವೀಸಿಗೆ ಗೊತ್ತುಮಾಡಿದ ದೂರ ಆಗಲೇ ಮುಗಿದು, ಸೋಮವಾರ ಕಾರು ಮಾರಿದವರ ಬಾಗಿಲಿಗೇ ವಾಪಸು ಬಂದು ನಿಂತಿತ್ತು. ಅಲ್ಲಿಂದ ಮುಂದೆ ಅದು ಮೇಷ್ಟ್ರ ನಿತ್ಯದ ಕಾರು. ಮನೆಯಿಂದ ಶಾಲೆಗೆ ಹೋಗಿಬರಲು ದಿನಕ್ಕೆ 125 ಮೈಲಿ, ಸುಮಾರು 200 ಕಿಲೋಮೀಟರ್. ಮಳೆಗೂ ಅದೇ, ಹಿಮಕ್ಕೂ ಅದೇ.

ಕಾರಿನ ಹೆಸರು ವೋಲ್ವೊ ಪಿ1800. ಸ್ವೀಡನ್ನಿನ ಈ ಕಂಪನಿ ಗಟ್ಟಿಮುಟ್ಟಾದ, ನೋಡಲು ಅಷ್ಟೇನೂ ಚೆಂದವಿಲ್ಲದ ಸಂಸಾರದ ಕಾರುಗಳಿಗೆ ಹೆಸರಾಗಿತ್ತು. ಅದಕ್ಕೊಂದು ಸೊಗಸುಗಾರ ಕಾರು ಬೇಕೆನಿಸಿದಾಗ ಮುಖ್ಯಸ್ಥ ಗುನ್ನಾರ್ ಎಂಗೆಲಾವ್ ಅವರಿಗೆ ಇಟಲಿಯವರ ಕೈಚಳಕವೇ ಆಗಬೇಕಿತ್ತು. ಕಂಪನಿಯ ಸಲಹೆಗಾರ ಹೆಲ್ಮರ್ ಪೆಟ್ಟರ್ಸನ್ ಒಂದು ಉಪಾಯ ಮಾಡಿದರು. ಇಟಲಿಯ ವಿನ್ಯಾಸ ಶಾಲೆಯಲ್ಲಿ ಕೆಲಸಕ್ಕಿದ್ದ ಮಗ ಪೆಲ್ಲೆಯ ಚಿತ್ರವನ್ನೂ ಉಳಿದ ಚಿತ್ರಗಳ ನಡುವೆ ಸೇರಿಸಿ ಇಟ್ಟರು. ಮುಖ್ಯಸ್ಥರು ಆರಿಸಿದ್ದು ಅದನ್ನೇ! ಬರೆದವನು ಸ್ವೀಡನ್ನಿನ ಹುಡುಗನೆಂದು ಗೊತ್ತಾದಾಗ ಸಿಟ್ಟಾದರು. ಆ ಸಂಗತಿ ಬಹಳ ಕಾಲ ಹೊರಬೀಳಲಿಲ್ಲ. ಪೆಲ್ಲೆ ಪೆಟ್ಟರ್ಸನ್ ಮುಂದೆ ಹಾಯಿದೋಣಿಗಳ ವಿನ್ಯಾಸಕ್ಕೆ ಹೆಸರಾದರು. ಒಲಿಂಪಿಕ್ಸ್ ಹಾಯಿದೋಣಿ ಸ್ಪರ್ಧೆಯಲ್ಲಿ ಎರಡು ಪದಕಗಳನ್ನೂ ಗೆದ್ದರು. ಕಾರಿಗೆ ಜನಪ್ರಿಯತೆ ತಂದಿದ್ದು ಇಂಗ್ಲೆಂಡಿನ ‘ದಿ ಸೇಂಟ್’ ಎಂಬ ಟಿ.ವಿ. ಧಾರಾವಾಹಿ. ಜೇಮ್ಸ್ ಬಾಂಡ್ ಆಗುವ ಮೊದಲು ರೋಜರ್ ಮೂರ್ ಅದರಲ್ಲಿ ಓಡಿಸುತ್ತಿದ್ದುದು ಬಿಳಿಯ ಪಿ1800.

ಇಷ್ಟೆಲ್ಲ ಥಳುಕು ಹೊರಗಿನದು. ಬಾನೆಟ್ ಎತ್ತಿ ನೋಡಿದರೆ ಒಳಗಿದ್ದದ್ದು ಕಂಪನಿಯ ಸಂಸಾರದ ಕಾರಿನದೇ ಎಂಜಿನ್: ನಾಲ್ಕು ಸಿಲಿಂಡರ್, 1.8 ಲೀಟರ್, ಎರಕದ ಕಬ್ಬಿಣದ ಮೈ. ಗಮನಿಸಬೇಕಾದ್ದು ಅದರ ಕ್ರ್ಯಾಂಕ್‌ಶಾಫ್ಟನ್ನು. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಚಕ್ರದ ತಿರುಗಾಟವಾಗಿ ಬದಲಿಸುವ ಕಬ್ಬಿಣದ ದಂಡ ಇದು. ಅಂದಿನ ಅನೇಕ ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಈ ದಂಡವನ್ನು ಮೂರು ಕಡೆ ಬೇರಿಂಗ್ ಕೊಟ್ಟು ಹಿಡಿದಿರುತ್ತಿದ್ದರು. ವೋಲ್ವೊ ಐದು ಕಡೆ ಹಿಡಿಯಿತು. ತೊಲೆಗೆ ಕಂಬಗಳು ಹೆಚ್ಚಾದಷ್ಟೂ ಅದು ಬಾಗುವುದು ಕಡಿಮೆ. ಬಾಗುವುದು ಕಡಿಮೆಯಾದರೆ ಸವೆತವೂ ಕಡಿಮೆ. ಕ್ಯಾಮ್ ತಿರುಗಿಸಲು ಬೆಲ್ಟಾಗಲಿ ಚೈನಾಗಲಿ ಇರಲಿಲ್ಲ, ಹಲ್ಲುಚಕ್ರಗಳಿದ್ದವು. ರೇಸಿಗೆ ಹೊರಟ ಕುದುರೆಯ ಮೈಯಲ್ಲಿ ಗಾಡಿ ಎಳೆಯುವ ಎತ್ತಿನ ಎದೆ ಎನ್ನಿ. ಅಪ್ಪಟ ರೇಸಿನ ಎಂಜಿನ್ ಹಾಕಿದ್ದರೆ ಕಾರು ಇನ್ನಷ್ಟು ಜೋರಾಗಿ ಓಡುತ್ತಿತ್ತು. ಆದರೆ ಇಷ್ಟು ಕಾಲ ಓಡುತ್ತಿರಲಿಲ್ಲ.

ಎಷ್ಟು ಕಾಲ ಎಂದರೆ, 1987ರಲ್ಲಿ ಹತ್ತು ಲಕ್ಷ ಮೈಲಿ ತುಂಬಿತು. 1998ರಲ್ಲಿ, 16.9 ಲಕ್ಷ ಮೈಲಿಗೆ, ಒಬ್ಬನೇ ಮಾಲೀಕ ಸ್ವಂತ ಉಪಯೋಗಕ್ಕೆ ಅತಿ ಹೆಚ್ಚು ದೂರ ಓಡಿಸಿದ ವಾಹನವೆಂದು ಗಿನ್ನೆಸ್ ದಾಖಲೆಗೆ ಸೇರಿತು. 2002ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಇಪ್ಪತ್ತು ಲಕ್ಷ. 2013ರ ಸೆಪ್ಟೆಂಬರಿನಲ್ಲಿ ಅಲಾಸ್ಕದ ಹೆದ್ದಾರಿಯೊಂದರಲ್ಲಿ ಮೂವತ್ತು ಲಕ್ಷ. ಮೇಷ್ಟ್ರು 2018ರಲ್ಲಿ ತೀರಿಕೊಳ್ಳುವ ಹೊತ್ತಿಗೆ 32 ಲಕ್ಷ ಮೈಲಿ ದಾಟಿತ್ತು. ಕಿಲೋಮೀಟರ್ ಲೆಕ್ಕದಲ್ಲಿ 51 ಲಕ್ಷಕ್ಕೂ ಹೆಚ್ಚು. ಭೂಮಧ್ಯರೇಖೆಯ ಉದ್ದಕ್ಕೂ ರಸ್ತೆ ಇದ್ದಿದ್ದರೆ 128 ಸುತ್ತು. ಚಂದ್ರನವರೆಗೆ ರಸ್ತೆ ಇದ್ದಿದ್ದರೆ ಆರು ಸಲ ಹೋಗಿ ಬಂದು, ಏಳನೆಯ ಸಲ ಚಂದ್ರನನ್ನು ಮುಟ್ಟಿ ಭೂಮಿಯ ಕಡೆ ಹೊರಟಿರುತ್ತಿದ್ದರು. 52 ವರ್ಷಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ 270 ಕಿಲೋಮೀಟರ್ ಆಸುಪಾಸು ಬರುತ್ತದೆ. ಶಾಲೆಯ ದಾರಿಯೊಂದರಿಂದಲೇ ಇಷ್ಟಾಗಲಿಲ್ಲ. ಶಾಲೆಗೆ ರಜೆಗಳೂ ಇರುತ್ತವಲ್ಲ. ಒಂದು ಒಳ್ಳೆಯ ಕಾಫಿಗಾಗಿ ನೂರಾರು ಮೈಲಿ ಹೋಗಿಬರುವ ಅಭ್ಯಾಸ ಅವರಿಗಿತ್ತು. ನಿವೃತ್ತಿಯ ನಂತರ ಅದು ಇನ್ನೂ ಹೆಚ್ಚಿತು.

ಇದರ ಗುಟ್ಟೇನೆಂದು ಕೇಳಿದವರಿಗೆ ಗಾರ್ಡನ್ ಕೊಡುತ್ತಿದ್ದ ಉತ್ತರ ಬಹಳ ಸಪ್ಪೆಯಾದದ್ದು. ಕಾರಿನ ಜೊತೆ ಕೊಡುವ ಕೈಪಿಡಿ ಓದಿ, ಅದರಲ್ಲಿ ಬರೆದ ಹಾಗೆ ಮಾಡಿ. ಅಷ್ಟೇ. ಪಠ್ಯಪುಸ್ತಕ ಬಿಟ್ಟು ಗೈಡಿನ ಹಿಂದೆ ಓಡುವ ಮಕ್ಕಳನ್ನು ದಿನವೂ ಕಂಡ ಮೇಷ್ಟ್ರು ಬೇರೇನು ಹೇಳಿಯಾರು?

ಸಪ್ಪೆ ಎನಿಸಿದರೂ ಆ ಕೆಲಸ ಸುಲಭದ್ದಲ್ಲ. ಮೂರು ಮೂರೂವರೆ ಸಾವಿರ ಮೈಲಿಗೊಮ್ಮೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವುದು ಅವರ ಪದ್ಧತಿ. 32 ಲಕ್ಷ ಮೈಲಿಗೆ ಲೆಕ್ಕ ಹಾಕಿದರೆ 900ಕ್ಕೂ ಹೆಚ್ಚು ಸಲ ಆಯಿತು. ಇದು ಕಂಪ್ಯೂಟರ್ ಇಲ್ಲದ ಕಾಲದ ಕಾರು. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಯಾವಾಗ ಹಾರಬೇಕೆಂದು ತೀರ್ಮಾನಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಎರಡು ಪುಟ್ಟ ‘ಪಾಯಿಂಟು’ಗಳು. ಅವು ಓಡುತ್ತ ಓಡುತ್ತ ಸುಡುತ್ತವೆ, ಅವನ್ನು ತೆರೆಯುವ ಹಿಮ್ಮಡಿ ಸವೆಯುತ್ತದೆ, ನಡುವಿನ ಕೂದಲೆಳೆಯಷ್ಟು ಸಂದು ಕಿರಿದಾಗುತ್ತದೆ. ಕಿಡಿ ತಡವಾಗುತ್ತದೆ, ಎಂಜಿನ್ ಸೋಮಾರಿಯಾಗುತ್ತದೆ. ಒಂದೇ ದಿನದಲ್ಲಿ ಕೆಡುವುದಿಲ್ಲವಾದ್ದರಿಂದ ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಕೆಟ್ಟಿತೆಂದು ಕಾಯದೆ ಇಂತಿಷ್ಟು ಮೈಲಿಗೆ ಬಿಚ್ಚಿ, ಫೀಲರ್ ಗೇಜಿನಿಂದ ಸಂದು ಅಳೆದು ಕೂರಿಸಬೇಕು. ವಾಲ್ವುಗಳ ಟ್ಯಾಪೆಟ್ಟಿಗೂ ಅಷ್ಟೇ. ಎರಡು ಎಸ್‌ಯು ಕಾರ್ಬುರೇಟರುಗಳ ನೆತ್ತಿಯಲ್ಲಿ ಒಂದಿಷ್ಟು ಎಣ್ಣೆ ಇರಬೇಕು. ಅದು ಬತ್ತಿದರೆ ಆಕ್ಸಿಲರೇಟರ್ ತುಳಿದಾಗ ಕಾರು ಮುಗ್ಗರಿಸುತ್ತದೆ. ಹಳೆಯ ಅಂಬಾಸಡರ್ ಇಟ್ಟುಕೊಂಡಿದ್ದ ಮನೆಗಳಲ್ಲಿ ಈ ಎಸ್‌ಯು ಕಾರ್ಬುರೇಟರಿನ ಹೆಸರು ಅಪರಿಚಿತವೇನಲ್ಲ.

ಎಂಜಿನ್ನನ್ನು ಮೊದಲ ಸಲ ಪೂರ್ತಿ ಬಿಚ್ಚಿ ಕಟ್ಟಿದ್ದು 6.8 ಲಕ್ಷ ಮೈಲಿಯ ಮೇಲೆ. ಎರಡನೆಯ ಸಲ 2009ರಲ್ಲಿ. ಪ್ಲಗ್ಗು, ಟೈರು, ಬ್ರೇಕು, ಬೆಲ್ಟು, ರಬ್ಬರು ಇವೆಲ್ಲ ಲೆಕ್ಕವಿಲ್ಲದಷ್ಟು ಸಲ ಬದಲಾಗಿರಲೇಬೇಕು. ಅದು ವಂಚನೆಯಲ್ಲ, ಸವೆಯಲೆಂದೇ ಮಾಡಿದ ಭಾಗಗಳು ಸವೆದವು, ಅಷ್ಟೆ. ಆಗಬಾರದ ಭಾಗ ಸವೆಯದಂತೆ ನೋಡಿಕೊಂಡದ್ದೇ ಕೆಲಸ.

ಹಳೆಯ ಸ್ಪೋರ್ಟ್ಸ್ ಕಾರು ಇರುವವರು ಸಾಮಾನ್ಯವಾಗಿ ಮಾಡುವುದು ಇದಕ್ಕೆ ತದ್ವಿರುದ್ಧ. ಹೊದಿಕೆ ಹಾಕಿ ಶೆಡ್ಡಿನಲ್ಲಿಟ್ಟು, ಕೆಲಸಕ್ಕೆ ಹೋಗಲು ಬೇರೊಂದು ಕಾರು ಇಟ್ಟುಕೊಳ್ಳುತ್ತಾರೆ. ಎಂದೋ ಒಂದು ಭಾನುವಾರ ಹೊದಿಕೆ ತೆಗೆದು ಸ್ಟಾರ್ಟ್ ಮಾಡುತ್ತಾರೆ, ಸುತ್ತಿನ ಎರಡು ರಸ್ತೆ ಓಡಿಸಿ ಮತ್ತೆ ಮುಚ್ಚಿಡುತ್ತಾರೆ. ಉಳಿಸಿದೆವು ಎಂಬ ಸಮಾಧಾನ ಅವರದು. ನಿಜದಲ್ಲಿ ಇದರಿಂದ ಕಾರಿಗೆ ಕೇಡೇ ಹೆಚ್ಚು. ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ರಬ್ಬರ್ ಸೀಲುಗಳು ಒಣಗಿ ಎಣ್ಣೆ ಸೋರುತ್ತದೆ, ಪೆಟ್ರೋಲು ಹಳಸಿ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ, ಬ್ರೇಕ್ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ತಣ್ಣಗಿರುವ ಎಂಜಿನ್ ಚಾಲೂ ಆದಾಗ ಎಣ್ಣೆ ಎಲ್ಲ ಕಡೆಗೂ ತಲುಪುವ ಮುನ್ನ ಲೋಹಕ್ಕೆ ಲೋಹ ಉಜ್ಜುತ್ತದೆ. ಕಾದು ಹದಕ್ಕೆ ಬರುವ ಮೊದಲೇ ನಿಲ್ಲಿಸಿದರೆ ಒಳಗೆ ಸೇರಿದ ನೀರಿನ ಪಸೆ, ಉರಿಯದೆ ಉಳಿದ ಪೆಟ್ರೋಲು ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿಯುತ್ತವೆ. ಗಾರ್ಡನ್ ಅವರ ಕಾರಿಗೆ ಸಿಕ್ಕಿದ್ದು ಒಮ್ಮೆ ಸ್ಟಾರ್ಟ್ ಮಾಡಿದರೆ ಒಂದೇ ಹದದಲ್ಲಿ ಗಂಟೆಗಟ್ಟಲೆ ಓಡುವ ಭಾಗ್ಯ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಪೇಟೆಯ ಕಾರಿನ ಒಂದು ಲಕ್ಷ ಮೈಲಿಗೂ ಹೆದ್ದಾರಿಯ ಒಂದು ಲಕ್ಷ ಮೈಲಿಗೂ ಅಜಗಜಾಂತರ. ಈ ಮಾತನ್ನು ಅವರ ದಾಖಲೆ ಹೊಗಳುವವರು ಮರೆಯುವುದುಂಟು.

ಮರೆಯಬಾರದ ಇನ್ನೂ ಒಂದು ಮಾತಿದೆ. ಆ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ, ಜಾರುವ ರಸ್ತೆಯಲ್ಲಿ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ. ಮುಂದೆ ಡಿಸ್ಕ್ ಬ್ರೇಕಿತ್ತು. ವೋಲ್ವೊದ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ, 1959ರಿಂದ ಕಂಪನಿ ತನ್ನ ಕಾರುಗಳಿಗೆ ಹಾಕತೊಡಗಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಇತ್ತು. ಅದರ ಕಾಲಕ್ಕೆ ಅದು ದೊಡ್ಡದು. ಆದರೆ ಇಂದು ಮಗ ಅಥವಾ ಮಗಳು ಕಾಲೇಜಿಗೆ ಹೋಗಿಬರಲು ಐವತ್ತು ವರ್ಷ ಹಳೆಯ ಕಾರು ಬೇಕೆಂದು ಹಟ ಹಿಡಿದರೆ, ಅಪ್ಪ ಅಮ್ಮ ಹಿಂದೆ ಮುಂದೆ ನೋಡುವುದು ಹಳೆಯ ಕಾಲದವರ ಅಂಜುಬುರುಕುತನವಲ್ಲ. ಪಾಯಿಂಟು ತಿಕ್ಕಲು ಕಲಿಯುತ್ತೇನೆ ಎಂಬ ಉತ್ಸಾಹ ಡಿಕ್ಕಿಯಾದಾಗ ಕಾಪಾಡುವುದಿಲ್ಲ. ಕಲಿಯುವ ಆಸೆ ನಿಜವಾಗಿದ್ದರೆ ಮನೆಯಲ್ಲಿರುವ ಸ್ಕೂಟರಿನ ಕೈಪಿಡಿ ಎಲ್ಲಿದೆಯೆಂದು ಹುಡುಕುವುದರಿಂದ ಶುರುಮಾಡಬಹುದು.

ಪಿ1800 ಮಾದರಿಯ ಕಾರುಗಳು 1961ರಿಂದ 1973ರವರೆಗೆ ತಯಾರಾದವು; ಎಲ್ಲ ಸೇರಿ ಸುಮಾರು 47,000. ಗಾರ್ಡನ್ ಅವರ ಕಾರಿಗೂ ಅದೇ ಕಾಲದಲ್ಲಿ ತಯಾರಾದ ಉಳಿದವಕ್ಕೂ ಕಾರ್ಖಾನೆಯಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಅದೇ ಎಂಜಿನ್, ಅದೇ ಐದು ಬೇರಿಂಗು, ಅದೇ ಕೈಪಿಡಿ. ಮೂವತ್ತು ಲಕ್ಷ ಮೈಲಿಗೆ ಹೆಸರಾದದ್ದು ಒಂದೇ.

ಅದನ್ನು ಕೊಳ್ಳಲು ಬಂದವರಿಗೆ ಮೇಷ್ಟ್ರು ಒಂದೇ ಬೆಲೆ ಹೇಳುತ್ತಿದ್ದರು: ಮೈಲಿಗೆ ಒಂದು ಡಾಲರ್. ಕೊಳ್ಳುವವರು ಯೋಚಿಸುತ್ತ ಕೂತಷ್ಟು ದಿನವೂ ಬೆಲೆ ಏರುತ್ತಲೇ ಹೋಯಿತು. 2018ರ ನವೆಂಬರಿನಲ್ಲಿ, ಚೀನಾ ಪ್ರವಾಸದಲ್ಲಿದ್ದಾಗ ಅವರು ತೀರಿಕೊಂಡ ದಿನ ಅದು 32 ಲಕ್ಷ ಡಾಲರ್ ದಾಟಿತ್ತು. ಕಾರು ಆಗಲೂ ಅವರದೇ ಆಗಿತ್ತು.