ದೋಣಿಗೂ ಉಸಿರು ಬೇಕು

ಸನತ್‌ನಗರಕ್ಕೂ ದೋಣಿಗೂ ಎಲ್ಲಿಯ ನಂಟು ಎಂದು ನೀವು ನಗಬಹುದು. ಕಾರ್ಖಾನೆಯ ಶೆಡ್ಡುಗಳು, ಲಾರಿಗಳು, ಸಾಲು ಸಾಲು ಕ್ವಾರ್ಟರ್ಸ್‌ಗಳ ಬಡಾವಣೆ ನಮ್ಮದು. ಆದರೆ ಕಳೆದ ಡಿಸೆಂಬರಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಸೆಲ್ಲಾರಿನಲ್ಲೇ ಒಂದು ದೋಣಿಯ ಮುಂದೆ ನಿಂತು ನಾನು ಕಣ್ಣೊರೆಸಿಕೊಂಡೆ.

ಮೇಲಿನ ಮನೆಯ ಹುಡುಗ ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸಲು ಕಲಿತು, ಹಳೆಯ ಮರದ ದೋಣಿಯೊಂದನ್ನು ಕೊಂಡು ತಂದಿದ್ದ. ಆಗಸ್ಟ್ ತಿಂಗಳಲ್ಲಿ ಅದನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಟ್ಟಿದ್ದ. ಚಳಿಗಾಲದಲ್ಲಿ ಬಿಚ್ಚಿ ನೋಡಿದರೆ ಒಳಗೆಲ್ಲ ಮುಗ್ಗಲು ವಾಸನೆ, ಹಲಗೆಯ ಮೇಲೆ ಕಪ್ಪು ಬೂಷ್ಟು!

"ಆಂಟಿ, ಒಂದು ಹನಿ ಮಳೆಯೂ ಬಿದ್ದಿಲ್ಲ. ಇದು ಎಲ್ಲಿಂದ ಬಂತು?" ಎಂದು ಕೇಳಿದ.

ಆ ವಾಸನೆ ನನ್ನನ್ನು ಗಂಗೊಳ್ಳಿಗೆ ಕರೆದೊಯ್ದಿತು. ಕುಂದಾಪುರದ ಎದುರು ದಡದಲ್ಲಿ, ಪಂಚಗಂಗಾವಳಿ ನದಿ ಕಡಲು ಸೇರುವಲ್ಲಿ ನನ್ನ ತವರು. ಈಗ ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿದೆ. ಅಪ್ಪನಂಥ ನಾಡದೋಣಿಯವರಿಗೆ ಮಳೆಗಾಲದ ಕಡಲೇ ನಿಷೇಧ ಹೇರುತ್ತಿತ್ತು. ಮೊದಲ ಮಳೆಗೆ ಮುಂಚೆ ದೋಣಿಯನ್ನು ಮೇಲೆಳೆದು ತೊಳೆದು ಒಣಗಿಸುತ್ತಿದ್ದರು. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ, ಮೀನೆಣ್ಣೆ ಬಳಿಯುತ್ತಿದ್ದರು. ಒದ್ದೆ ಹೊಯ್ಗೆ ತಾಗದಂತೆ ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿ, ಮೇಲೆ ಹೆಣೆದ ಮಡಲಿನ ಚಪ್ಪರ ಹಾಕುತ್ತಿದ್ದರು. ಚಪ್ಪರದ ಎರಡು ತುದಿಗಳು ಮಾತ್ರ ಸದಾ ತೆರೆದಿರುತ್ತಿದ್ದವು.

ಬಿ.ಎ. ಮಾಡಿದ ನನಗೆ ಅದು ಹಳೇ ಕಾಲದ ಕೆಲಸವಾಗಿ ಕಂಡಿತು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, 1996ರಲ್ಲಿ, ದಪ್ಪ ಪ್ಲಾಸ್ಟಿಕ್ ಟಾರ್ಪಾಲು ಕೊಂಡು ಹೆಮ್ಮೆಯಿಂದ ತವರಿಗೆ ಒಯ್ದೆ. ನನ್ನ ಮಾತು ಕೇಳಿ ಅಪ್ಪ ದೋಣಿಯನ್ನು ಅದರಲ್ಲಿ ಬಿಗಿದು ಕಟ್ಟಿದರು. ಎರಡು ಮಳೆಗಾಲ ಕಳೆದಾಗ ಒಳಗಿನ ಅಡ್ಡಪಟ್ಟಿಗಳು ಬೆರಳಿಟ್ಟರೆ ಕುಸಿಯುವಷ್ಟು ಮೆತ್ತಗಾಗಿದ್ದವು. ಆ ವರ್ಷ ಅಪ್ಪ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋದರು. ನನ್ನನ್ನು ಬಯ್ಯಲಿಲ್ಲ. "ದೋಣಿಗೂ ಉಸ್ರ್ ಬೇಕ್ ಮಗಾ" ಎಂದಷ್ಟೇ ಹೇಳಿದರು. ಈಗ ಅವರಿಲ್ಲ. ತಪ್ಪಾಯಿತೆಂದು ನಾನು ಅವರಿಗೆ ಹೇಳಲೇ ಇಲ್ಲ.

ಹುಡುಗನಿಗೆ ಅರ್ಥವಾಗಲೆಂದು ನನ್ನ ಅಡುಗೆಮನೆಯ ಉದಾಹರಣೆ ಕೊಟ್ಟೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನೀರು ಸುರಿದವರಾರು? ಆವಿಯೇ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ದೋಣಿಯಲ್ಲೂ ಹಾಗೆಯೇ. ಮರದಲ್ಲಿದ್ದ ತೇವ ಹಗಲಿನ ಬಿಸಿಗೆ ಆವಿಯಾಗಿ, ರಾತ್ರಿ ಪ್ಲಾಸ್ಟಿಕ್ಕಿಗೆ ತಾಗಿ ಹನಿಯಾಗಿ ಮತ್ತೆ ಮರದ ಮೇಲೆ ಬೀಳುತ್ತದೆ. ಗಾಳಿಯಾಡದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ.

ಇಬ್ಬರೂ ಸೇರಿ ಕೆಲಸಕ್ಕೆ ಇಳಿದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ವಿನಿಗರ್ ಅದ್ದಿದ ಬಟ್ಟೆಯಿಂದ ಬೂಷ್ಟು ಒರೆಸಿದೆವು. ತಳದ ಹಲಗೆಗಳನ್ನು ಕಳಚಿ ತಾರಸಿಯಲ್ಲಿ ಒಣಗಿಸಿದೆವು. ನೀರು ಹೋಗುವ ತೂತಿನ ಬಿರಡೆ ತೆಗೆದು, ಮೂತಿಯನ್ನು ತುಸು ಎತ್ತರಿಸಿ, ದೋಣಿಯನ್ನು ಮರದ ತುಂಡುಗಳ ಮೇಲೆ ಇಟ್ಟೆವು. ಹಾಯಿ, ಹಗ್ಗ, ಲೈಫ್ ಜಾಕೆಟ್ಟುಗಳು ಮನೆಯೊಳಗೆ ಹಗ್ಗದ ಮೇಲೆ ತೂಗಿದವು. ಹೊದಿಕೆಯನ್ನು ಕೋಲಿನ ಮೇಲೆ ಎತ್ತರಕ್ಕೆ ಹಾಯಿಸಿ ಎರಡು ತುದಿಗಳನ್ನೂ ತೆರೆದಿಟ್ಟೆವು. ಪುಣ್ಯಕ್ಕೆ ಹೈದರಾಬಾದಿನ ಚಳಿಗಾಲ ಒಣಹವೆಯದು. ಮೂರು ವಾರದಲ್ಲಿ ವಾಸನೆ ಹೋಯಿತು. ಒಂದೇ ಮಳೆಗಾಲವಾದ್ದರಿಂದ ಮರ ಒಳಗೆ ಗಟ್ಟಿಯಾಗಿಯೇ ಇತ್ತು.

ಸಂಕ್ರಾಂತಿಯ ನಂತರದ ಭಾನುವಾರ ಭರತನಗರದಲ್ಲಿ ಎಂಎಂಟಿಎಸ್ ರೈಲು ಹತ್ತಿ ನೆಕ್ಲೆಸ್ ರೋಡಿನಲ್ಲಿ ಇಳಿದೆ. ಇಬ್ರಾಹಿಂ ಕುಲಿ ಕುತುಬ್ ಶಾಹನ ಕಾಲದಲ್ಲಿ ಕಟ್ಟಿದ ಆ ಕೆರೆಯ ಮೇಲೆ ನಮ್ಮ ಸೆಲ್ಲಾರಿನ ದೋಣಿ ಹಾಯಿ ಬಿಚ್ಚಿ ಸಾಗಿತು. ದೂರದಿಂದ ಹುಡುಗ ಕೈಬೀಸಿದ. ಅಪ್ಪ ಇದ್ದಿದ್ದರೆ ಎನಿಸಿತು.

ಮಕ್ಕಳೇ, ಹಿರಿಯರಿಂದ ಬಂದದ್ದನ್ನು ಜೋಪಾನದ ಹೆಸರಿನಲ್ಲಿ ಬಿಗಿಯಾಗಿ ಕಟ್ಟಿ ಅಟ್ಟಕ್ಕೆ ಹಾಕಬೇಡಿ. ಆಗಾಗ ಬಿಚ್ಚಿ ಗಾಳಿಗೆ ಹಿಡಿಯಿರಿ. ನೀವು ಮನೆಯಲ್ಲಿ ಆಡುವ ನಾಲ್ಕು ಮಾತಿನ ಕನ್ನಡಕ್ಕೂ ಈ ಮಾತು ಸಲ್ಲುತ್ತದೆ.